ಕಾವೇರಿಯ ಎಮ್ಮೆಗೆ ಹತ್ತಿದ ನೆದರು

ಕನ್ನೊಳ್ಳಿಯಲ್ಲಿ ಯಾರ ಮನೆಯ ಕೂಸು ರಚ್ಚೆ ಹಿಡಿದರೂ, ಯಾರ ಮದುಮಗಳು ಊಟ ಬಿಟ್ಟರೂ, ಯಾರ ಹೊಸ ಬೈಕು ಪೂಜೆ ಮಾಡಿಸಿದ ಮರುದಿನವೇ ಗಟಾರಕ್ಕೆ ಬಿದ್ದರೂ ಮೊದಲು ಕರೆಯುವುದು ತಿಪ್ಪವ್ವನನ್ನು. ಯಾರದೋ ಕೆಟ್ಟ ಕಣ್ಣು ತಗುಲಿದರೆ ಅದಕ್ಕೆ ಇತ್ತ ಕಡೆ ನೆದರು ಎನ್ನುತ್ತಾರೆ. ತಿಪ್ಪವ್ವ ಬಂದು ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿ, ನಾಲ್ಕು ಕಸಬರಿಗೆ ಕಡ್ಡಿ ಮುಷ್ಟಿಯಲ್ಲಿ ಹಿಡಿದು, ತಲೆಯಿಂದ ಕಾಲಿನವರೆಗೆ ನಿವಾಳಿಸಿ ಕೆಂಡಕ್ಕೆ ಹಾಕಿದಳೆಂದರೆ ನೆದರು ಹೋದಂತೆ. ಹೋಗುತ್ತಿತ್ತೋ ಇಲ್ಲವೋ ದೇವರೇ ಬಲ್ಲ. ಕೂಸಂತೂ ಅತ್ತು ದಣಿದು ಮಲಗುತ್ತಿತ್ತು, ಹೆಸರು ತಿಪ್ಪವ್ವನಿಗೆ ಬರುತ್ತಿತ್ತು.

ಈ ಕೆಲಸ ಆಕೆಗೆ ಅತ್ತೆಯಿಂದ ಬಂದದ್ದು. ಕೊಡುವಾಗ ಅತ್ತೆ ಒಂದು ಕಟ್ಟಳೆ ಹಾಕಿದ್ದಳು. ಯಾರ ಮನೆಗೆ ನೆದರು ತೆಗೆಯಲು ಹೋಗುತ್ತೀಯೋ ಆ ಮನೆಯವರ ಮೇಲೆ ನಿನ್ನ ಹೊಟ್ಟೆಯಲ್ಲಿ ಏನೂ ಇರಬಾರದು, ಇದ್ದರೆ ಹೊಸ್ತಿಲು ದಾಟಬೇಡ ಎಂದಿದ್ದಳು. ತಿಪ್ಪವ್ವ ಆಗಲಿ ಎಂದಳು. ಆಗಲಿ ಎನ್ನಲು ಆಕೆಗೇನು ಕಷ್ಟ? ಆಗಿನ್ನೂ ನೆಗೆಣ್ಣಿ ಕಾವೇರಿಯ ಎಮ್ಮೆ ಹಾಲು ಕೊಡಲು ಸುರು ಮಾಡಿರಲಿಲ್ಲ.

ಆ ಎಮ್ಮೆಯದೇ ಎಲ್ಲ ರಗಳೆ. ತಿಪ್ಪವ್ವನ ಗಂಡ ಬೀರಣ್ಣ ಹಿರಿಯ, ಕಾವೇರಿಯ ಗಂಡ ಸಂಗು ಕಿರಿಯ. ಅಣ್ಣತಮ್ಮಂದಿರು ಬೇರೆಯಾಗುವಾಗ ಕುರಿ ಹಂಚಿದವು, ಹೊಲ ಹಂಚಿತು, ಹಂಡೆ ಕೊಡಪಾನಗಳೂ ಜಗಳವಿಲ್ಲದೆ ಹಂಚಿಹೋದವು. ಕಡೆಗೆ ಉಳಿದದ್ದು ಒಂದೇ ತಾಯಿಯ, ಇನ್ನೂ ಈಯದ ಎರಡು ಎಮ್ಮೆ ಮಣಕ. ಒಂದು ಮೈದುಂಬಿ ಮಿರಿಮಿರಿ ಮಿಂಚುತ್ತಿತ್ತು. ಇನ್ನೊಂದರ ಪಕ್ಕೆಲುಬು ದೂರದಿಂದಲೇ ಕಾಣುತ್ತಿದ್ದವು. ಹಿರಿಯ ಸೊಸೆ ಮೊದಲು ಆರಿಸಿಕೊಳ್ಳಲಿ ಎಂದರು ಹಿರಿಯರು. ತಿಪ್ಪವ್ವ ಹಿಂದೆ ಮುಂದೆ ನೋಡದೆ ಮಿಂಚುವುದರ ಹಗ್ಗ ಹಿಡಿದಳು. ಕಾವೇರಿ ಕಣ್ಣು ಒರೆಸಿಕೊಳ್ಳುತ್ತ ಬಡಕಲನ್ನು ಎಳೆದುಕೊಂಡು ಹೋದಳು. ಆವತ್ತು ರಾತ್ರಿ ತಿಪ್ಪವ್ವನಿಗೆ ಬಹಳ ಚಲೋ ನಿದ್ದೆ ಬಂದಿತ್ತು.

ಆಮೇಲೆ ಬರಲಿಲ್ಲ. ಮಿಂಚುವ ಎಮ್ಮೆ ಮೇವು ತಿಂದಿತು, ಹಿಂಡಿ ತಿಂದಿತು, ತಿಪ್ಪವ್ವನ ತಲೆಯನ್ನೂ ತಿಂದಿತು. ಹಾಲಿಗೆ ಮಾತ್ರ ಕೈ ಎತ್ತಿಬಿಟ್ಟಿತು. ಈದ ಮೇಲೂ ಅದು ಕೊಡುವ ಹಾಲು ಅದರ ಕರುವಿಗೂ ಸಾಲುತ್ತಿರಲಿಲ್ಲ. ಬಡಕಲು ಎಮ್ಮೆಯಾದರೋ ಕಾವೇರಿಯ ಕೈಯಲ್ಲಿ ಒಂದೇ ವರ್ಷದಲ್ಲಿ ಗುರುತು ಸಿಗದಂತಾಯಿತು. ಎರಡೂ ಮನೆಗಳ ನಡುವೆ ಇದ್ದದ್ದು ಎದೆಮಟ್ಟದ ಒಂದು ಗೋಡೆ. ಬೆಳಿಗ್ಗೆ ಕಾವೇರಿ ಹಿಂಡಲು ಕೂತರೆ ಗೋಡೆಯಾಚೆ ಚರಿಗೆಯಲ್ಲಿ ಚರ್ ಚರ್ ಎನ್ನುವ ಸದ್ದು ನಿಲ್ಲುತ್ತಲೇ ಇರಲಿಲ್ಲ. ತಿಪ್ಪವ್ವ ಈಚೆ ಕಸ ಗುಡಿಸುತ್ತಿದ್ದರೆ ಕಸಬರಿಗೆ ತಾನಾಗಿ ನಿಂತುಬಿಡುತ್ತಿತ್ತು. ನಿಲ್ಲಲಿ ಈಗ, ನಿಲ್ಲಲಿ ಈಗ ಎಂದು ಕಿವಿಗೊಟ್ಟು ಕಾಯುವಳು.

ಅದನ್ನಾದರೂ ತಡೆದುಕೊಂಡಾಳು. ತಡೆಯಲಾಗದ್ದು ಗಂಡನ ಚಹಾ. ಬೀರಣ್ಣ ಮುಖ ತೊಳೆದು ಸೀದಾ ತಮ್ಮನ ಕಟ್ಟೆಗೆ ಹೋಗಿ ಕೂರುತ್ತಿದ್ದ. ಕಾವೇರಿ ಕೆನೆಗಟ್ಟಿದ ಚಹಾ ತಂದುಕೊಡುವಳು. ಕುಡಿದು ಬಂದು ಈ ಗಂಡಸು, ಹೆಂಡತಿಯ ಮುಂದೆಯೇ ಮೀಸೆ ಒರೆಸಿಕೊಂಡು, "ಚಾ ಅಂದ್ರ ಕಾವೇರಿ ಮನಿ ಚಾ ನೋಡು. ನಮ್ಮನ್ಯಾಗ ಕುಡಿಯೂದು ಬಿಸಿನೀರು," ಎನ್ನುತ್ತಿದ್ದ. ದೇವರು ಗಂಡಸರಿಗೆ ನಾಲಿಗೆ ಕೊಟ್ಟ, ಅದನ್ನು ಎಲ್ಲಿ ಆಡಿಸಬಾರದೆಂಬ ಬುದ್ಧಿ ಕೊಡುವುದನ್ನು ಮರೆತ. ತಿಪ್ಪವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಾವೇರಿ ಮೇಲೆ, ಕಾವೇರಿಯ ಎಮ್ಮೆಯ ಮೇಲೆ, ಆ ಲೋಟದ ಮೇಲೆ ಕೂಡ ಆಕೆಗೆ ಹೊಟ್ಟೆಕಿಚ್ಚು. ಮೊದಲು ಆರಿಸಿಕೊಂಡವಳು ತಾನೇ ಎಂಬುದು ನೆನಪಾದರೆ ಇನ್ನಷ್ಟು.

ಮನಸ್ಸಿನ ಉರಿ ಕಡೆಗೆ ಎದೆಗೂ ಇಳಿಯಿತು. ಉಂಡದ್ದೆಲ್ಲ ಹುಳಿಯಾಗಿ ಗಂಟಲಿಗೆ ಬರತೊಡಗಿತು. ಸಿಂದಗಿಯಲ್ಲಿ ಕ್ರೈಸ್ತ ಸಿಸ್ಟರ್‌ಗಳು ನಡೆಸುವ ಒಂದು ಸಣ್ಣ ದವಾಖಾನೆ ಇತ್ತು. ಬಸ್ಸು ಹಿಡಿದು ಅಲ್ಲಿಗೆ ಹೋದಳು. ಸಿಸ್ಟರ್ ಪ್ರಿಯದರ್ಶಿನಿ ಎಂಬಾಕೆ, ದುಂಡು ಮುಖದ, ಬಾಯಿ ಬಿಟ್ಟರೆ ನಿಲ್ಲಿಸದ ಹೆಂಗಸು, ಹೊಟ್ಟೆ ಒತ್ತಿ ನೋಡಿ ಗುಳಿಗೆ ಕೊಟ್ಟಳು.

"ಗುಳಿಗಿ ತಗೋ ಯವ್ವಾ, ಉರಿ ಕಡಿಮಿ ಆಕ್ಕೈತಿ. ಆದ್ರ ಹೊಳ್ಳಿ ಬರ್ತೈತಿ. ಮನ್ಯಾಗ ಏನರ ಚಿಂತಿ ಐತೇನು?"

"ಚಿಂತಿ ಏನಿಲ್ರಿ. ನಮ್ಮ ನೆಗೆಣ್ಣಿ ಎಮ್ಮಿ ಭಾಳ ಹಾಲ ಕೊಡ್ತೈತ್ರಿ," ಎಂದುಬಿಟ್ಟಳು ತಿಪ್ಪವ್ವ. ಅಂದ ಮೇಲೆ ತಾನೇ ಗಾಬರಿಯಾದಳು.

ಸಿಸ್ಟರ್ ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡಳು.

"ಯೆಹೂದಿಗಳು ಅಂತ ಒಂದು ಹಳೇ ಜನಾ ಅದಾರ. ಅವರ ಹಿರ್ಯಾರು ಮಕ್ಕಳಿಗೆ ಬುದ್ಧಿ ಹೇಳುವಾಗ, ಉಳದದ್ದೆಲ್ಲಾ ಆಮ್ಯಾಲ, ಮೊದಲ ನಿನ್ನ ಮನಸ್ಸನ್ನ ಕಾಯ್ಕೋ ಅಂತಿದ್ರಂತ. ಬಾಳೇವು ಅಲ್ಲಿಂದನ ಹರದ ಬರೂದಂತ. ನಮ್ಮ ಯೇಸುಸ್ವಾಮಿನೂ ಅದನ್ನ ಹೇಳ್ಯಾರ. ಹೊರಗಿಂದ ಬಂದದ್ದು ನಮ್ಮನ್ನ ಕೆಡಸೂದಿಲ್ಲ, ನಮ್ಮ ಒಳಗಿಂದ ಹೊಂಟದ್ದು ಕೆಡಸ್ತೈತಿ ಅಂತ."

"ನಾವು ಹೊರಗಿಂದ ಹತ್ತಿದ್ದನ್ನ ತಗಿಯೋರು ನೋಡ್ರಿ," ಎಂದಳು ತಿಪ್ಪವ್ವ ತುಸು ಸೆಟೆದು. "ನೆದರಿಗೆ ಉಪ್ಪು ಮೆಣಸಿನಕಾಯಿ ಐತಿ. ಒಳಗಿಂದಕ್ಕ ಏನ ಸುಡಬೇಕ್ರಿ?"

"ಅದು ನನಗೂ ಗೊತ್ತಿಲ್ಲವ್ವಾ. ನಮ್ಮ ಇನ್ನೊಬ್ಬ ಸಿಸ್ಟರ್ ಭಾಳ ಚಂದ ಹಾಡ್ತಾಳ. ಆಕಿ ಹಾಡಾಕ ನಿಂತ್ರ ಹೊಟ್ಟಿಕಿಚ್ಚಿಗೆ ನನಗ ಪ್ರಾರ್ಥನಿ ಮರತ ಹೋಗ್ತೈತಿ. ಮನಸ್ಸನ್ನ ದಿನಾ ಕಾಯ್ತೇನಿ, ದಿನಾ ತಪ್ಪಿಸ್ಕೊಂಡ ಹೋಗ್ತೈತಿ. ಹೋತು ಅಂತ ಗೊತ್ತಾದ್ರ, ಕರಕೊಂಡ ಬರಬೇಕು, ಅಷ್ಟ."

ಬಸ್ಸಿನಲ್ಲಿ ಕೂತು ತಿಪ್ಪವ್ವ ಅದನ್ನೇ ಮೆಲುಕು ಹಾಕಿದಳು. ಆಕೆ ಯಂಕಂಚಿಯ ಕುರಿಗಾರರ ಮಗಳು. ಕಾಯುವುದು ಎಂದರೇನು ಎಂದು ಆಕೆಗೆ ಯಾರೂ ಕಲಿಸಬೇಕಿರಲಿಲ್ಲ. ಅಪ್ಪ ಬಡಿಗೆ ಹಿಡಿದು ಕುರಿ ಕಾಯುತ್ತಿದ್ದ. ತೋಳ ಬರುತ್ತಿದ್ದದ್ದು ಎಂದೋ ಒಮ್ಮೆ. ದಿನವಿಡೀ ಅಪ್ಪ ಕಾಯುತ್ತಿದ್ದದ್ದು ತನ್ನ ಕುರಿಗಳನ್ನೇ, ಅವು ಮಂದಿಯ ಜೋಳದ ಹೊಲಕ್ಕೆ ನುಗ್ಗದಂತೆ. ಬಾಗಿಲಲ್ಲಿ ನಿಂತು ಕಳ್ಳರನ್ನು ತಡೆಯುವುದೇ ಮನಸ್ಸಿನ ಕಾವಲು ಎಂದುಕೊಂಡಿದ್ದ ತಿಪ್ಪವ್ವನಿಗೆ ತನ್ನ ಕುರಿ ಇಷ್ಟು ವರ್ಷದಿಂದ ಯಾರ ಹೊಲದಲ್ಲಿ ಮೇಯುತ್ತಿದೆ ಎಂಬುದು ಥಟ್ಟನೆ ಹೊಳೆಯಿತು. ನಾಚಿಕೆಯಾಯಿತು. ಇನ್ನು ಮೇಲೆ ಆ ಕಡೆ ನೋಡುವುದೇ ಇಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಊರಲ್ಲಿ ಇಳಿದಳು.

ಮನಸ್ಸು ಗಟ್ಟಿಯಾಗಿ ಇದ್ದದ್ದು ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ. ಅಂಗಳಕ್ಕೆ ಬಂದರೆ ಬೀರಣ್ಣ ತಮ್ಮನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಚಹಾ ಹೀರುತ್ತಿದ್ದ. ಹೆಂಡತಿ ದವಾಖಾನೆಯಿಂದ ಬಂದಳು, ಹೇಗಿದ್ದೀ ಎಂಬ ಒಂದು ಮಾತಿಲ್ಲ. "ಕಾವೇರಿ, ಇನ್ನೊಂದೀಟು ಹಾಕು," ಎಂದು ಲೋಟ ಮುಂದೆ ಚಾಚಿದ. ತಿಪ್ಪವ್ವ ಗೋಡೆಯ ಈಚೆ ನಿಂತು ಆ ಎಮ್ಮೆಯ ತುಂಬಿದ ಕೆಚ್ಚಲನ್ನು ಕಣ್ಣು ತುಂಬ ನೋಡಿದಳು. ಬತ್ತಿಹೋಗಲಿ, ಎಂದಳು. ಬರೀ ಅಂದುಕೊಳ್ಳಲಿಲ್ಲ, ಬಾಯಿ ಬಿಟ್ಟು ಸಣ್ಣಗೆ ಅಂದಳು.

ಮರುದಿನ ಬೆಳಿಗ್ಗೆ ಚರಿಗೆಯ ಸದ್ದು ಬರಲಿಲ್ಲ. ಬಂದದ್ದು ಎಮ್ಮೆ ಒದ್ದ ಸದ್ದು, ಚರಿಗೆ ಉರುಳಿದ ಸದ್ದು, ಕಾವೇರಿಯ ಚೀರಾಟ. ಕೆಚ್ಚಲು ಕಲ್ಲಿನಂತೆ ಗಟ್ಟಿಯಾಗಿ ಬಿಸಿಯೇರಿತ್ತು. ತಿಪ್ಪವ್ವನಿಗೆ ಮೊದಲು ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಬೇಕು? ಹಬ್ಬದ ಹೋಳಿಗೆ ತಿಂದಷ್ಟು ಸಂತೋಷ. ಆಮೇಲೆ ನಿನ್ನೆ ತಾನು ಆಡಿದ್ದು ನೆನಪಾಗಿ ಗೋಡೆಯಿಂದ ಹಿಂದೆ ಸರಿದಳು.

ದನದ ಡಾಕ್ಟರ್ ಅಮೀನುದ್ದೀನ ಬೈಕಿನಲ್ಲಿ ಬಂದು ನೋಡಿ ಕೆಚ್ಚಲು ಬಾವು ಎಂದ. ಇಂಜೆಕ್ಷನ್ ಮಾಡಿದ. ಕೊಟ್ಟಿಗೆ ಒಣಗಿಸಿ ಇಡ್ರಿ, ನಾಳೆ ಮತ್ತ ಬರ್ತೇನಿ ಎಂದು ಹೋದ. ಕಾವೇರಿ ಎಲ್ಲಕ್ಕೂ ಹೂಂಗುಟ್ಟಿದಳು. ಡಾಕ್ಟರ್ ಓಣಿ ತಿರುಗಿದ ಕೂಡಲೇ ಸೆರಗು ಸೊಂಟಕ್ಕೆ ಸಿಗಿಸಿದಳು.

"ಬ್ಯಾನಿ ಇರಲಿ, ಬ್ಯಾನಿ ಯಾಕ ಬಂತು? ನನಗ ಗೊತ್ತೈತಿ ಯಾರ ಕಣ್ಣಂತ!"

ಗೋಡೆಯ ಈಚೆ ತಿಪ್ಪವ್ವ ತಲೆ ಕಾಣದಂತೆ ಬಗ್ಗಿದಳು.

"ಆ ಸಿದ್ದಲಿಂಗವ್ವಂದು!" ಎಂದಳು ಕಾವೇರಿ.

ಸಿದ್ದಲಿಂಗವ್ವ ಹಿಂದಿನ ಓಣಿಯ ಅಯ್ಯನವರ ಮನೆಯಾಕೆ. ವಯಸ್ಸಾಗಿದೆ, ಮಕ್ಕಳಾಗಲಿಲ್ಲ. ಆದರೆ ಊರಲ್ಲಿ ಯಾವ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಜೋಗುಳ ಹಾಡಲು ಆಕೆಯೇ ಬೇಕು. ಹಾಡಿ ಮುಗಿಸಿ ಕೂಸನ್ನು ಎತ್ತಿಕೊಂಡು, ಮೂಗು ಚಂದ, ಹಣೆ ಚಂದ, ಕಿವಿ ಯಾರ ಕಿವಿ ಎಂದು ಬಾಯ್ತುಂಬ ಹೊಗಳುವಳು. ಬರೀ ಕೂಸನ್ನಲ್ಲ. ಒಬ್ಬರ ಸೀರೆ, ಇನ್ನೊಬ್ಬರ ರೊಟ್ಟಿ, ಮಗದೊಬ್ಬರ ಬೆಳೆ, ಕಂಡದ್ದನ್ನೆಲ್ಲ ಹೊಗಳುವುದು ಆಕೆಯ ಹುಟ್ಟುಗುಣ. ದಿನಾ ಬೆಳಿಗ್ಗೆ ತಂಬಿಗೆ ಹಿಡಿದು ಹಾಲಿಗೆ ಬರುವಳು. ಹಿಂದಿನ ದಿನ ಬಂದಾಗ, "ಯವ್ವಾ, ಎಷ್ಟ ಚಂದದ ಎಮ್ಮಿ! ಮಳಿ ಸುರದಂಗ ಸುರಸ್ತೈತಲ್ಲ!" ಎಂದಿದ್ದಳಂತೆ. ಹೊಗಳಿದ ಮೇಲೆ ಥೂ ಥೂ ಎಂದು ಉಗುಳಬೇಕು, ಇಲ್ಲವಾದರೆ ನೆದರು ಹತ್ತುತ್ತದೆ ಎಂಬುದು ಊರಿಗೇ ಗೊತ್ತು. ಸಿದ್ದಲಿಂಗವ್ವ ಎಂದೂ ಉಗುಳಿದವಳಲ್ಲ. ಚಂದ ಇದ್ದದ್ದನ್ನು ಕಂಡು ಯಾಕೆ ಉಗುಳಬೇಕೆಂದು ಆಕೆಗೆ ಹೊಳೆದೇ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಾತು ಓಣಿ ದಾಟಿತು. ಹೆರದ ಹೊಟ್ಟೆ, ಆಸೆಯ ಕಣ್ಣು ಎಂದು ಒಬ್ಬಳು ಅಂದರೆ, ನನ್ನ ಮಗನಿಗೆ ಹೋದ ವರ್ಷ ಜ್ವರ ಬಂದದ್ದೂ ಆಕೆ ಎತ್ತಿಕೊಂಡ ಮೇಲೆಯೇ ಎಂದು ಇನ್ನೊಬ್ಬಳು ಸೇರಿಸಿದಳು. ಆ ವಾರವೇ ಓಣಿಯಲ್ಲಿ ವಿಜಯಶ್ರೀಯ ಮಗಳಿಗೆ ಹೆಸರಿಡುವ ಕಾರ್ಯವಿತ್ತು. ಸಿದ್ದಲಿಂಗವ್ವನನ್ನು ಕರೆಯುವುದು ಬೇಡ ಎಂದು ಹೆಂಗಸರು ಅಲ್ಲೇ ನಿಂತು ಮಾತಾಡಿಕೊಂಡರು. ಈ ಒಂದು ಸಲ ಕರೆಯದೆ ಬಿಟ್ಟರೆ ಮುಂದೆ ಯಾವ ತೊಟ್ಟಿಲಿನ ಹತ್ತಿರವೂ ಆಕೆಯನ್ನು ಬಿಡುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತಿಪ್ಪವ್ವ ಗೋಡೆಯ ಈಚೆ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು. ತನ್ನ ಹೆಸರು ಬರಲಿಲ್ಲವಲ್ಲ ಎಂಬ ಸಮಾಧಾನ ಒಂದು ಕಡೆ, ಆ ಸಮಾಧಾನದ ಬಗ್ಗೆಯೇ ಹೇಸಿಗೆ ಇನ್ನೊಂದು ಕಡೆ.

ಸಂಜೆ ಕಾವೇರಿ ಗೋಡೆಯ ಮೇಲಿಂದ ಕರೆದಳು. "ಯಕ್ಕಾ, ನೀನ ಬಂದು ನೆದರು ತಗಿಬೇಕು. ನಿನ್ನ ಕೈಯಂಥಾ ಕೈ ಊರಾಗಿಲ್ಲ."

ಹೋಗಬಾರದಿತ್ತು. ಅತ್ತೆಯ ಕಟ್ಟಳೆ ಇತ್ತು. ಆದರೆ ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂಬುದಕ್ಕೆ ಉತ್ತರ ಹೇಳುವುದಕ್ಕಿಂತ ಕಟ್ಟಳೆ ಮುರಿಯುವುದೇ ಸುಲಭ ಎನ್ನಿಸಿ ತಿಪ್ಪವ್ವ ಉಪ್ಪಿನ ಬಟ್ಟಲು, ಮೆಣಸಿನಕಾಯಿ ಹಿಡಿದು ಹೊರಟಳು.

ದೀಪ ಹಚ್ಚುವ ಹೊತ್ತು. ಅಂಗಳದಲ್ಲಿ ಸಂಗು, ಬೀರಣ್ಣ, ಓಣಿಯ ಹೆಂಗಸರು ನೆರೆದಿದ್ದರು. ಸುದ್ದಿ ಕೇಳಿ ಸಿದ್ದಲಿಂಗವ್ವನೂ ಬಂದು ಬಾಗಿಲ ಹೊರಗೆ ನಿಂತಿದ್ದಳು. "ನಾ ಏನ ಅಂದೇನವ್ವಾ? ಚಂದ ಐತಿ ಅಂದೆ. ಚಂದ ಇದ್ದದ್ದಕ್ಕ ಚಂದ ಅಂದೆ," ಎನ್ನುತ್ತಿದ್ದಳು. ಕಾವೇರಿ ಹೋಗಿ, ಆಕೆಯ ಮುಖ ಕೂಡ ನೋಡದೆ, ಆಕೆ ನಿಂತ ಜಾಗದಿಂದ ಒಂದು ಚಿಟಿಕೆ ಮಣ್ಣು ತೆಗೆದುಕೊಂಡು ಬಂದು ತಿಪ್ಪವ್ವನ ಮುಷ್ಟಿಗೆ ಹಾಕಿದಳು. ಕಣ್ಣು ಹಾಕಿದವರ ಕಾಲ ಮಣ್ಣು ಸೇರಿದರೆ ನೆದರು ಬೇಗ ಹೋಗುತ್ತದೆ ಎಂಬ ನಂಬಿಕೆ. ಸಿದ್ದಲಿಂಗವ್ವ ಎರಡೂ ಕಾಲು ಹಿಂದಕ್ಕೆ ಎಳೆದುಕೊಂಡಳು.

ತಿಪ್ಪವ್ವ ಎಮ್ಮೆಯ ಕೊಂಬಿನಿಂದ ಬಾಲದವರೆಗೆ ನಿವಾಳಿಸಿದಳು. ಅದು ದೊಡ್ಡ ಕಣ್ಣು ಬಿಟ್ಟು ಆಕೆಯನ್ನೇ ನೋಡಿತು. ಮುಷ್ಟಿಯಲ್ಲಿದ್ದದ್ದನ್ನು ಕೆಂಡಕ್ಕೆ ಹಾಕಿದಳು. ಕೆಂಡ ಆರಿತ್ತೋ, ಮೆಣಸಿನಕಾಯಿ ಹಳೆಯದಿತ್ತೋ, ಘಾಟು ಏಳಲಿಲ್ಲ. ಒಬ್ಬರೂ ಕೆಮ್ಮಲಿಲ್ಲ.

"ನೋಡ್ರಿ, ಘಾಟ ಬರಲಿಲ್ಲ! ಭಾಳ ಕೆಟ್ಟ ಕಣ್ಣು," ಎಂದಳು ಕಾವೇರಿ. "ಯಕ್ಕಾ, ಯಾರದಂತ ಎಲ್ಲಾರ ಮುಂದ ಹೇಳಿಬಿಡು. ನೀ ಹೇಳಿದ್ರ ಮುಗೀತು."

ಅದೂ ಒಂದು ರೂಢಿಯೇ. ನೆದರು ತೆಗೆದಾಕೆ ಹೇಳಿದ್ದು ಕೊನೆಯ ಮಾತು. ತಿಪ್ಪವ್ವ ಬಾಯಿ ಬಿಡುವ ಅಗತ್ಯವೂ ಇರಲಿಲ್ಲ, ಬಾಗಿಲ ಕಡೆ ಸುಮ್ಮನೆ ಒಮ್ಮೆ ನೋಡಿದ್ದರೆ ಸಾಕಿತ್ತು. ನೋಡಿದಳು ಕೂಡ. ಅಲ್ಲಿ ಸಿದ್ದಲಿಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಇವಳಾದರೂ ನಿಜ ಹೇಳಿಯಾಳು ಎಂದು ಕಾಯುತ್ತಿದ್ದಳು.

"ನಂದು," ಎಂದಳು ತಿಪ್ಪವ್ವ.

ಮೊದಲು ಬೀರಣ್ಣ ನಕ್ಕ. ಹೆಂಗಸರೂ ನಕ್ಕರು. ಕಾವೇರಿ ಬಂದು ತಿಪ್ಪವ್ವನ ತೋಳು ಹಿಡಿದಳು. ಆಕೆಯ ಕಣ್ಣಲ್ಲಿ ನೀರು ಬಂದಿತ್ತು.

"ಆಕಿನ್ನ ಉಳಸಾಕ ನಿನ್ನ ಮ್ಯಾಲ ಹಾಕ್ಕೊಂತಿ ಏನು? ನೋಡ್ರೆವ್ವಾ, ನಮ್ಮಕ್ಕನ ಮನಸ್ಸು ಎಂಥಾ ದೊಡ್ಡದೈತಿ ನೋಡ್ರಿ!"

ಹೌದು ಹೌದು ಎಂದರು ಎಲ್ಲರೂ. ದೇವರಂಥಾಕಿ ಎಂದಳು ಒಬ್ಬಳು. ಇಲ್ಲಿ ತಿಪ್ಪವ್ವನಿಗೆ ಏನಾಯಿತೆಂದರೆ, ಆಕೆಗೆ ಹಿತವಾಯಿತು. ಕಾವೇರಿಯ ಅಂಗಳದಲ್ಲಿ, ಕಾವೇರಿಯ ಎದುರು, ಕಾವೇರಿಯ ಬಾಯಿಂದಲೇ ತಾನು ದೊಡ್ಡವಳಾದೆನಲ್ಲ ಎಂದು ಒಳಗೆಲ್ಲ ತಂಪಾಯಿತು. ನಿಜ ಹೇಳಿ ಆಯಿತು, ಹೆಸರೂ ಉಳಿಯಿತು. ಇನ್ನು ಸುಮ್ಮನೆ ಮನೆಗೆ ಹೋಗಬಹುದಿತ್ತು. ಬಾಗಿಲಲ್ಲಿ ಸಿದ್ದಲಿಂಗವ್ವ ಇನ್ನೂ ಹಾಗೇ ನಿಂತಿದ್ದಳು. ಆಕೆಯ ಮೇಲಿನ ಮಾತು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ತಿಪ್ಪವ್ವನಿಗೆ ತನ್ನ ಬಗ್ಗೆ ಎಂದೂ ಬಾರದಷ್ಟು ಸಿಟ್ಟು ಬಂತು.

"ನನ್ನ ಮನಸ್ಸು ದೊಡ್ಡದಲ್ಲ ಕಾವೇರಿ, ತೋಳು ಬಿಡು," ಎಂದಳು. "ನಿನ್ನಿ ಸಂಜಿಗೆ ಆ ಗ್ವಾಡಿ ಹತ್ತರ ನಿಂತು ನಿನ್ನ ಎಮ್ಮಿ ಕೆಚ್ಚಲಾ ನೋಡಿ ಬತ್ತಿಹೋಗಲಿ ಅಂದೇನಿ. ದಿನಾ ಮುಂಜಾನಿ ನೀ ಹಿಂಡೂ ಸಪ್ಪಳಾ ಯಾವಾಗ ನಿಲ್ತೈತಿ ಅಂತ ಕಸಬರಿಗಿ ಹಿಡಕೊಂಡು ಕಿವಿಗೊಟ್ಟು ನಿಂದರತೇನಿ. ನಿನ್ನ ಚಾ ಕುಡದು ಇಂವ ಹೊಗಳಿದಾಗ, ಆಕಿ ಕೈ ಸೇದಿಹೋಗಲಿ ಅಂದೇನಿ. ಬಡಕ ಮಣಕ ನಿನ್ನ ಪಾಲಿಗೆ ಬಂದಾಗ ನೀ ಅತ್ತಿ, ಆವತ್ತ ನಾ ನಕ್ಕೇನಿ. ಇವತ್ತ ಮುಂಜಾನಿ ನೀ ಚೀರಿದಾಗ ನನಗ ಖುಷಿ ಆತು."

ಯಾರೂ ನಗಲಿಲ್ಲ. ಬೀರಣ್ಣ ತಲೆ ತಗ್ಗಿಸಿದ. ಕಾವೇರಿ ಹಿಡಿದ ತೋಳನ್ನು ನಿಧಾನವಾಗಿ ಬಿಟ್ಟಳು. ಸುಳ್ಳು ಹೇಳುವವರು ತಮ್ಮ ಮೇಲೆ ಇಷ್ಟು ಕೆಟ್ಟದ್ದನ್ನು ಹೇಳಿಕೊಳ್ಳುವುದಿಲ್ಲ ಎಂಬುದು ಆಕೆಯ ಮುಖದಲ್ಲಿ ಕಾಣುತ್ತಿತ್ತು. ತಿಪ್ಪವ್ವನ ಕೈಯಲ್ಲಿದ್ದ ಉಪ್ಪಿನ ಬಟ್ಟಲನ್ನು ಕಸಿದುಕೊಂಡು, "ಇನ್ನ ನಮ್ಮ ಅಂಗಳಕ್ಕ ಕಾಲ ಇಡಬ್ಯಾಡ," ಎಂದಳು. ಅದು ನ್ಯಾಯವೇ ಆಗಿತ್ತು. ತಿಪ್ಪವ್ವ ಬಾಗಿಲಿಗೆ ಬಂದಳು.

"ಸಿದ್ದಲಿಂಗವ್ವಾರ, ತಪ್ಪ ಆತ್ರಿ."

ಸಿದ್ದಲಿಂಗವ್ವ ಬಾಯಿಂದ ಸೆರಗು ತೆಗೆದಳು. "ಮುಂಜಾನಿಂದ ಇವರು ನನಗ ಅನ್ನಾಕತ್ತಿದ್ರು. ನೀ ಗ್ವಾಡಿ ಆಚಿಗೆ ಕುಂತು ಕೇಳಾಕತ್ತಿದ್ದಿ ಅಲ್ಲಾ, ತಿಪ್ಪವ್ವಾ?"

"ಹೌದ್ರಿ."

ಸಿದ್ದಲಿಂಗವ್ವ ಓಣಿ ಹಿಡಿದು ಹೋದಳು.

ಡಾಕ್ಟರ್ ಅಮೀನುದ್ದೀನ ಮತ್ತೆರಡು ಸಲ ಬಂದು ಹೋದ ಮೇಲೆ ಎಮ್ಮೆ ಚೇತರಿಸಿಕೊಂಡಿತು. ಕಾವೇರಿ ಗೋಡೆಯ ಮೇಲೆ ಹಳೆಯ ಗೋಣಿತಾಟು ಎತ್ತರಕ್ಕೆ ಕಟ್ಟಿದಳು. ಬೀರಣ್ಣನ ಚಹಾ ನಿಂತುಹೋಯಿತು. ನಿನ್ನ ಬಾಯಿಂದ ನನ್ನ ಬಾಯಿಗೆ ಮಣ್ಣು ಬಿತ್ತು ಎಂದು ಆತ ಹೆಂಡತಿಯ ಮೇಲೆ ಮುನಿಸಿಕೊಂಡ. ನೆದರು ತೆಗೆಯಲು ತಿಪ್ಪವ್ವನನ್ನು ಯಾರೂ ಕರೆಯಲಿಲ್ಲ. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಎಲ್ಲಿ ಹೋಗುತ್ತದೆ? ತಾಟಿನ ಆಚೆ ಚರಿಗೆಯ ಸದ್ದು ಮತ್ತೆ ಸುರುವಾದಾಗ ಕಸಬರಿಗೆ ಹಿಡಿದ ಕೈ ನಿಂತಿತು. ನಿಂತದ್ದು ಗೊತ್ತಾದ ಕೂಡಲೇ ತಿಪ್ಪವ್ವ ಕಸ ಗುಡಿಸತೊಡಗಿದಳು. ಆವತ್ತಿನ ಮಟ್ಟಿಗೆ ಅಷ್ಟೇ ಸಾಧ್ಯವಾಯಿತು.

ವಿಜಯಶ್ರೀಯ ಮನೆಯ ತೊಟ್ಟಿಲಿಗೆ ಸಿದ್ದಲಿಂಗವ್ವನನ್ನು ಕರೆದರು. ತಿಪ್ಪವ್ವನಿಗೂ ಕರೆ ಬಂತು, ಆದರೆ ಕೂಸಿನ ಹತ್ತಿರ ಜಾಗ ಸಿಗಲಿಲ್ಲ. ಬಾಗಿಲ ಬಳಿ ಕೂತು ನೋಡುತ್ತಿದ್ದಳು. ಸಿದ್ದಲಿಂಗವ್ವ ಎಂದಿನ ದನಿಯಲ್ಲೇ ಜೋಗುಳ ಹಾಡಿದಳು. ಇದೊಂದಾದರೂ ಸರಿಹೋಯಿತಲ್ಲ ಎಂದು ತಿಪ್ಪವ್ವ ಉಸಿರು ಬಿಟ್ಟಳು. ಹಾಡು ಮುಗಿದು ವಿಜಯಶ್ರೀ ಕೂಸನ್ನು ಎತ್ತಿ ಮುಂದೆ ಹಿಡಿದಳು. ಗುಂಡುಗುಂಡಾದ, ತಲೆತುಂಬ ಕೂದಲಿದ್ದ, ನೋಡಿದವರ ಕಣ್ಣು ಕೀಳಲಾಗದಂಥ ಕೂಸು. ಹೆಂಗಸರೆಲ್ಲ ಸಿದ್ದಲಿಂಗವ್ವನ ಬಾಯಿಯನ್ನೇ ನೋಡಿದರು.

ಸಿದ್ದಲಿಂಗವ್ವ ಕೈ ಮುಂದೆ ಚಾಚಲಿಲ್ಲ. ಕಣ್ಣು ನೆಲಕ್ಕೆ ಹಾಕಿದ್ದಳು.

"ಅಮ್ಮಾರ, ಕೂಸ ಹ್ಯಾಂಗೈತಿ ಹೇಳ್ರಿ," ಎಂದಳು ವಿಜಯಶ್ರೀ.

ಸಿದ್ದಲಿಂಗವ್ವ ಮುಖ ಆಚೆ ತಿರುಗಿಸಿ, ಥೂ ಥೂ ಎಂದು ಉಗುಳಿದಳು.

"ಐತಿ ಬಿಡವ್ವಾ," ಎಂದಳು.